ಅತ್ತಮ್ಮ ಬೀಗ ಹಾಕಿಟ್ಟ ಪದ

ನಮ್ಮ ಮನೆಯೊಡತಿ ವರ್ಷಕ್ಕೊಮ್ಮೆ ಒಂದು ಪದವನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತಾರೆ. ಒಡವೆಗೆ ಬೀಗ ಹಾಕುವವರನ್ನು ನೋಡಿದ್ದೇನೆ. ಫ್ರಿಜ್ಜಿಗೆ ಬೀಗ ಹಾಕುವವರನ್ನೂ ನೋಡಿದ್ದೇನೆ (ಅವರು ನನ್ನ ಸ್ವಂತ ಚಿಕ್ಕಮ್ಮ, ಹೆಸರು ಬೇಡ). ಆದರೆ ಪದಕ್ಕೆ ಬೀಗ? ಅದೂ ದಿನವಿಡೀ ತಮ್ಮದೇ ಬಾಯಿಂದ ಉದುರುತ್ತಿರುವ ಪದಕ್ಕೆ?

ಇಡೀ ಬೀದಿ ಅವರನ್ನು ಅತ್ತಮ್ಮ ಎಂದೇ ಕರೆಯುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಹೆಡ್ ನರ್ಸ್ ಆಗಿ ನಿವೃತ್ತರಾದವರು. ಅವರ ವಾರ್ಡಿನಲ್ಲಿ ರೋಗಿಗಳು ಅರ್ಧ ಔಷಧಿಯಿಂದ, ಇನ್ನರ್ಧ ಅತ್ತಮ್ಮನ ಹೆದರಿಕೆಯಿಂದ ಗುಣವಾಗುತ್ತಿದ್ದರಂತೆ. ಗಂಡ ತೀರಿಕೊಂಡು ಬಹಳ ಕಾಲವಾಗಿದೆ, ಮಕ್ಕಳಿಲ್ಲ. ಆದೋನಿಯಲ್ಲಿ ಚರ್ಚಿನ ಕಾಂಪೌಂಡಿಗೆ ಅಂಟಿಕೊಂಡಿರುವ ಮನೆ. ಕೆಳಗೆ ಅವರು, ಮಹಡಿಯಲ್ಲಿ ಬಾಡಿಗೆಗೆ ನಾವು. ನಾನು ಇಲ್ಲಿನ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಟೀಚರು, ನನ್ನ ಗಂಡ ಹತ್ತಿ ಮಿಲ್ಲಿನಲ್ಲಿ ಗುಮಾಸ್ತ. ಇಬ್ಬರೂ ಮದ್ದಿಕೇರದ ಕಡೆಯವರು, ದಿನಾ ದೇವರ ಮುಂದೆ ಊದಿನಕಡ್ಡಿ ಹಚ್ಚುವವರು. ಚರ್ಚೆಂದರೆ ಕ್ರಿಸ್‌ಮಸ್ ಕೇಕು ಎಂಬಷ್ಟೇ ನಮಗಿದ್ದ ತಿಳಿವಳಿಕೆ.

ಮನೆಗೆ ಬಂದ ಮೊದಲ ದಿನ ಪದ್ಧತಿಯಂತೆ ಹಾಲು ಉಕ್ಕಿಸಿದೆವು. ನೋಡಲು ಮೇಲೆ ಬಂದ ಅತ್ತಮ್ಮ, ಹಾಲು ಉಕ್ಕುತ್ತಲೇ ನನ್ನ ಗಂಡನ ಮುಖ ನೋಡಿ ಗಟ್ಟಿಯಾಗಿ, "ಹಲ್ಲೆಲೂಯ!" ಎಂದರು. ಎಲೆಯಡಿಕೆ ಹಾಕಿ ಹಾಕಿ ಕೆಂಪಾದ ಹಲ್ಲು ನನ್ನ ಗಂಡನದು. ತಟ್ಟನೆ ಬಾಯಿ ಮುಚ್ಚಿಕೊಂಡವರು, ಅತ್ತಮ್ಮ ಕೆಳಗಿಳಿದ ಮೇಲೇ ಬಾಯಿ ಬಿಟ್ಟಿದ್ದು.

"ಬಂದ ಮೊದಲನೇ ದಿನಾನೇ ಹಲ್ಲೆಲ್ಲ ಹೋಯ್ತಾ ಅಂತ ಕೇಳ್ತಾರಲ್ಲ, ಇವರೇನು ಹಲ್ಲಿನ ಡಾಕ್ಟರಾ?"

ಅದರ ಅರ್ಥ ದೇವರಿಗೆ ಸ್ತೋತ್ರ ಎಂದು ನಮಗೆ ಗೊತ್ತಾಗುವ ಹೊತ್ತಿಗೆ ನನ್ನ ಗಂಡ ಎಲೆಯಡಿಕೆಯನ್ನೇ ಬಿಟ್ಟಿದ್ದರು. ಅದಕ್ಕೂ ನಾನು ಅತ್ತಮ್ಮನಿಗೇ ಋಣಿ.

ಅತ್ತಮ್ಮ ಆ ಪದವನ್ನು ಎಲ್ಲೆಲ್ಲಿ ಬಳಸುತ್ತಿದ್ದರು ಅನ್ನುವುದಕ್ಕಿಂತ ಎಲ್ಲಿ ಬಳಸುತ್ತಿರಲಿಲ್ಲ ಎಂದು ಕೇಳುವುದು ಮೇಲು. ಮೊಸರು ಹೆಪ್ಪುಗಟ್ಟಿದರೆ ಹಲ್ಲೆಲೂಯ. ಬಸ್ಸಿನಲ್ಲಿ ಕಿಟಕಿ ಸೀಟು ಸಿಕ್ಕರೆ ಹಲ್ಲೆಲೂಯ. ಹೋದ ಕರೆಂಟು ಬಂದು ಫ್ಯಾನು ತಿರುಗಿದರಂತೂ ಎರಡೂ ಕೈ ಮೇಲೆತ್ತಿ ಹಲ್ಲೆಲೂಯ. ಎಲ್ಲಕ್ಕಿಂತ ದೊಡ್ಡದು ನೀರಿನದು. ನಮ್ಮ ಬೀದಿಯಲ್ಲಿ ನಲ್ಲಿ ನೀರು ಯಾವಾಗ ಬರುತ್ತದೆಂದು ನಲ್ಲಿಗೂ ಗೊತ್ತಿರುವುದಿಲ್ಲ. ಮೊದಲು ಬರುವುದು ಅತ್ತಮ್ಮನ ನಲ್ಲಿಗೆ. ಆಗ ಅವರು ಹಾಕುವ ಕೂಗಿಗೆ ಹೆಂಗಸರೆಲ್ಲ ಕೊಡ ಹಿಡಿದು ಹೊರಗೆ ಬರುತ್ತಿದ್ದರು. ಹಿಂದೂಗಳು, ಮುಸಲ್ಮಾನರು, ಎಲ್ಲರಿಗೂ ಆ ಪದದ ಅರ್ಥ ಒಂದೇ ಆಗಿತ್ತು: ನೀರು ಬಂತು.

ಇಂಥ ಬೀದಿಗೆ ಶ್ರಮದಿನಗಳು ಬಂದವು. ಈಸ್ಟರ್ ಹಬ್ಬಕ್ಕೆ ಮುಂಚಿನ ನಲವತ್ತು ದಿನಗಳನ್ನು ಇಲ್ಲಿ ಹಾಗೆನ್ನುತ್ತಾರೆ. ಯೇಸುವಿನ ಕಷ್ಟವನ್ನು ನೆನೆದು ಉಪವಾಸ, ಪ್ರಾರ್ಥನೆ ಮಾಡುವ ಕಾಲ. ಅತ್ತಮ್ಮನ ಚರ್ಚು ಇಂಗ್ಲಿಷ್ ಪಾದ್ರಿಗಳು ಕಟ್ಟಿಸಿದ್ದು. ಆ ಚರ್ಚಿನವರು ರೋಮಿನ ಪೋಪರಿಗೆ ಸೇರಿದವರಲ್ಲ. ಆದರೆ ಸಾಂಬ್ರಾಣಿ, ಗಂಟೆ, ಮೇಣದಬತ್ತಿ, ಮೊಣಕಾಲೂರುವುದು ಯಾವುದನ್ನೂ ಬಿಟ್ಟವರಲ್ಲ. ಶ್ರಮದಿನಗಳಲ್ಲಿ ಅಲ್ಲಿ ಹೂವಿಲ್ಲ, ಎಲ್ಲೆಲ್ಲೂ ನೇರಳೆ ಬಟ್ಟೆ. ಹಲ್ಲೆಲೂಯ ಸಂತೋಷದ ಪದವಾದ್ದರಿಂದ ಈಸ್ಟರ್‌ವರೆಗೆ ಅದನ್ನು ಉಚ್ಚರಿಸುವ ಹಾಗೂ ಇಲ್ಲ. ಸುಮ್ಮನೆ ಬಿಟ್ಟರೆ ಸಾಲದು, ಅದನ್ನು ಮಣ್ಣು ಮಾಡಬೇಕು! ಬಿಳಿ ಬಟ್ಟೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದ ಪದವನ್ನು ಸುತ್ತಿ, ಒಂದು ತಗಡಿನ ಪೆಟ್ಟಿಗೆಯಲ್ಲಿಟ್ಟು, ಬೀಗ ಜಡಿದು, ಚರ್ಚಿನ ಮೂಲೆಯಲ್ಲಿ ಇಡುತ್ತಾರೆ. ಬೀಗದ ಕೈ ಅತ್ತಮ್ಮನ ಸೆರಗಿನ ಗಂಟಿಗೆ.

ಮರುದಿನ ಬೂದಿ ಬುಧವಾರ. ಹಿಂದಿನ ವರ್ಷ ಗರಿಗಳ ಹಬ್ಬಕ್ಕೆ ಚರ್ಚಿಗೆ ತಂದಿದ್ದ ಈಚಲು ಗರಿಗಳನ್ನು ಸುಟ್ಟ ಬೂದಿಯನ್ನು ಹಣೆಗೆ ಹಚ್ಚುತ್ತಾರೆಂದು ಕೇಳಿ ನನ್ನ ಗಂಡ, ವಿಭೂತಿ ಬೇಡವೆನ್ನಬಾರದೆಂದು ಭಕ್ತಿಯಿಂದ ಸಾಲಿನಲ್ಲಿ ನಿಂತರು. ಅಯ್ಯಗಾರು, ಅಂದರೆ ಅಲ್ಲಿನ ಗುರುಗಳು, ಬೂದಿ ಹಚ್ಚುತ್ತ, ನೀನು ಮಣ್ಣು, ಮತ್ತೆ ಮಣ್ಣಿಗೇ ಹೋಗುತ್ತೀ ಎಂಬ ಅರ್ಥದ ಮಾತು ಹೇಳಿದರು. ಅವರು ಎಲ್ಲರಿಗೂ ಹೇಳುವ ಮಾತೇ ಅದು. ನನ್ನ ಗಂಡ ಮನೆಗೆ ಬಂದವರು ಊಟ ಮಾಡಲಿಲ್ಲ.

"ನನಗ ಎದಿ ನೋವು ಐತಿ ಅಂತ ಇವರಿಗೆ ಯಾರ್ ಹೇಳಿದ್ರು?" ಎಂದು ಕೇಳಿದರು.

ಅಂದಿನಿಂದ ಬೀದಿಗೂ ಉಪವಾಸ ಶುರುವಾಯಿತು. ನೀರು ಬಂದು ಹೋಗಿದ್ದು ಯಾರಿಗೂ ತಿಳಿಯಲೇ ಇಲ್ಲ. ಖಾಲಿ ಕೊಡ ಹಿಡಿದು ಬಂದ ಹೆಂಗಸರು ಅತ್ತಮ್ಮನನ್ನು ತರಾಟೆಗೆ ತೆಗೆದುಕೊಂಡರು.

"ನಿಮ್ಮ ದೇವರಿಗೆ ನಲವತ್ತು ದಿನ ನೀರು ಬ್ಯಾಡ ಇರಬೌದು ಅತ್ತಮ್ಮ, ನಮಗ ಬೇಕಲ್ರಿ!"

"ತಾಟು ಬಡೀತೀನಿ ತಗೋರಿ. ಆ ಪದ ಮಾತ್ರ ಕೇಳಬ್ಯಾಡ್ರಿ, ಪೆಟ್ಟಿಗ್ಯಾಗ ಐತಿ" ಎಂದರು ಅತ್ತಮ್ಮ.

ತಾಟೇನೋ ಬಡಿದರು. ಆದರೆ ಬಾಯಿ ಕೇಳಬೇಕಲ್ಲ? ಸಂತೋಷವಾದಾಗಲೆಲ್ಲ ಪದ ಗಂಟಲಿನವರೆಗೆ ಏರಿ ಬರುತ್ತಿತ್ತು, ಅವರು ಕೆಮ್ಮಿ ಅದನ್ನು ಕೆಳಗಿಳಿಸುತ್ತಿದ್ದರು. ನಲವತ್ತು ದಿನವೂ ಅತ್ತಮ್ಮನಿಗೆ ಕೆಮ್ಮು. ಸಂತೋಷ ಹೆಚ್ಚಾದಷ್ಟೂ ಕೆಮ್ಮು ಹೆಚ್ಚು. ಒಂದು ಭಾನುವಾರ ಪ್ರಸಂಗ, ಅಂದರೆ ಉಪದೇಶ, ಮಾಡುವ ಭರದಲ್ಲಿ ಅಯ್ಯಗಾರೇ ಮೈಮರೆತು ಹಲ್ಲೆಲೂಯ ಅಂದುಬಿಟ್ಟರಂತೆ. ಮುಂದಿನ ಬೆಂಚಿನಿಂದ ಅತ್ತಮ್ಮ ಕೆಮ್ಮಿದ ಕೆಮ್ಮಿಗೆ ಪ್ರಸಂಗ ಅಲ್ಲಿಗೇ ನಿಂತಿತು. ಆಮೇಲೆ ಬಾಗಿಲಲ್ಲಿ ವಿಚಾರಣೆ.

"ಅಯ್ಯಗಾರೂ, ಬೀಗದ ಕೈ ನನ್ನ ಹತ್ರ ಐತಿ. ಪದ ಹೆಂಗ ಹೊರಗ ಬಂತು?"

"ಏಂ ಚೇಸೇದಿ ಅತ್ತಮ್ಮಗಾರೂ, ನೋರು ಜಾರಿಂದಿ" ಎಂದು ಅಯ್ಯಗಾರು ಬಾಯಿ ಜಾರಿದ್ದನ್ನು ತೆಲುಗಿನಲ್ಲಿ ಒಪ್ಪಿಕೊಂಡರಂತೆ. ಅವರ ಊರು ನಂದವರಂ ಕಡೆ. ಹೆದರಿಕೆಯಾದರೆ ಅವರಿಗೆ ಕನ್ನಡ ಬರುವುದಿಲ್ಲ.

ಇಷ್ಟೆಲ್ಲ ನಕ್ಕು ಹೇಳುತ್ತಿರುವ ನನಗೆ ಆ ದಿನಗಳಲ್ಲಿ ನಗು ಸುಲಭವಾಗಿ ಬರುತ್ತಿರಲಿಲ್ಲ. ನಮ್ಮ ಮಗಳು ಮಾತಾಡುತ್ತಿರಲಿಲ್ಲ. ಈ ಮನೆಗೆ ಬಂದಾಗ ಅವಳಿಗೆ ಒಂದೂವರೆ ವರ್ಷ. ಎರಡು ದಾಟಿತು, ಮೂರು ದಾಟಿತು. ಅಮ್ಮ ಎಂಬ ಒಂದು ಪದವೂ ಇಲ್ಲ. ಕರೆದರೆ ತಿರುಗುತ್ತಾಳೆ, ಹೇಳಿದ್ದೆಲ್ಲ ತಿಳಿಯುತ್ತದೆ, ಬೇಕಾದ್ದಕ್ಕೆ ಬೆರಳು ತೋರಿಸುತ್ತಾಳೆ. ಕರ್ನೂಲಿನ ಡಾಕ್ಟರು ಕಿವಿ ಚೆನ್ನಾಗಿದೆ, ಮಾತಾಡಿಸುತ್ತಿರಿ, ಕಾಯಿರಿ ಎಂದರು. ಕ್ಲಾಸಿನಲ್ಲಿ ದಿನವಿಡೀ ಮಕ್ಕಳಿಗೆ ಮಾತಾಡಬೇಡಿ ಎಂದು ಗದರಿ, ಮನೆಗೆ ಬಂದು ಒಂದು ಮಗುವಿಗೆ ಮಾತಾಡು ಎಂದು ಕೈಮುಗಿಯುತ್ತಿದ್ದೆ. ಊರಿಗೆ ಹೋದರೆ ಎಲ್ಲರೂ ಮೊದಲು ಕೇಳುವುದು ಅದನ್ನೇ. ಹಾಗಾಗಿ ಊರಿಗೆ ಹೋಗುವುದನ್ನೇ ಬಿಟ್ಟೆ.

ನಾನು ಶಾಲೆಯಿಂದ ಬರುವವರೆಗೆ ಮಗಳನ್ನು ನೋಡಿಕೊಳ್ಳುತ್ತಿದ್ದವರು ಅತ್ತಮ್ಮ. ಯಾವತ್ತೂ ಅವರು ನನಗೆ ಸಮಾಧಾನ ಹೇಳಿದ್ದಿಲ್ಲ, ಗದರಿದ್ದೇ ಹೆಚ್ಚು.

"ಯಾಕ ಅಳ್ತಿ ಟೀಚರಮ್ಮ? ಕಿವಿ ಚೊಲೊ ಐತಿ, ಬುದ್ಧಿ ನಿನಗಿಂತ ಜಾಸ್ತಿ ಐತಿ. ಮಾತು ಎಲ್ಲಿಗೆ ಹೋಗ್ತೈತಿ? ಬರ್ತೈತಿ. ಹೋಗು, ಮುಖ ತೊಳ್ಕೊ."

ಅವರು ಮಗಳಿಗೆ ಉಣಿಸುವುದನ್ನು ನೋಡಬೇಕಿತ್ತು. ಒಂದು ತುತ್ತು ನುಂಗಿದರೆ ಒಂದು ಹಲ್ಲೆಲೂಯ. ಮಗಳು ಅವರ ಬಾಯನ್ನೇ ನೋಡುತ್ತ, ಪದ ಬಂದ ಮೇಲೆ ಮುಂದಿನ ತುತ್ತಿಗೆ ಬಾಯಿ ತೆರೆಯುತ್ತಿದ್ದಳು. ಕರೆಂಟು ಬಂದರೂ ಅಷ್ಟೆ. ಫ್ಯಾನು ನೋಡುವುದು ಬಿಟ್ಟು ಅತ್ತಮ್ಮನ ಬಾಯಿ ನೋಡುತ್ತಿದ್ದಳು. ನನ್ನ ಅನ್ನಕ್ಕೆ ಅವಳು ಆ ಮರ್ಯಾದೆಯನ್ನು ಎಂದೂ ಕೊಡಲಿಲ್ಲ.

ಇಂಥದ್ದರಲ್ಲಿ ಮತ್ತೆ ಶ್ರಮದಿನಗಳು ಬಂದು ಪದ ಪೆಟ್ಟಿಗೆ ಸೇರಿತು. ಮೊದಲ ದಿನವೇ ಮಗಳು ತುತ್ತನ್ನು ಬಾಯಲ್ಲಿಟ್ಟುಕೊಂಡು ಕೂತಳು. ನುಂಗಲೊಲ್ಲಳು, ಉಗುಳಲೊಲ್ಲಳು. ಅತ್ತಮ್ಮ ಚಪ್ಪಾಳೆ ತಟ್ಟಿದರು. ಊಹೂಂ. ಆಮೆನ್ ಎಂದರು. ಮಗಳು ಬೇಡವೆಂದು ತಲೆಯಾಡಿಸಿ, ಬೆರಳಿನಿಂದ ಅತ್ತಮ್ಮನ ತುಟಿ ತೆರೆಯಲು ನೋಡಿದಳು. ಅತ್ತಮ್ಮನಿಗೆ ಕೆಮ್ಮು ಬಂತು.

"ಒಂದ್ಸಲ ಅಂದುಬಿಡ್ರಿ ಅತ್ತಮ್ಮ. ದೇವರು ಏನೂ ಅನ್ನಲ್ಲ" ಎಂದೆ.

"ದೇವರು ಅನ್ನಂಗಿಲ್ಲ ಅಂತ ನನಗೂ ಗೊತ್ತೈತವ್ವ. ಆದ್ರ ನಾನು ಕೊಟ್ಟ ಮಾತಲ್ಲ? ಬೀಗ ಹಾಕಿದಾಕಿ ನಾನು" ಎಂದು ಸೆರಗಿನ ಗಂಟು ಮುಟ್ಟಿಕೊಂಡರು. ಆಮೇಲೆ ಮೆಲ್ಲಗೆ, "ಈ ವರ್ಷ ದೇವರ್ನ ಬ್ಯಾರೆ ಏನೂ ಕೇಳಿಲ್ಲ ನಾನು. ಕೂಸಿನ ಮಾತೊಂದ ಕೇಳೀನಿ" ಎಂದರು.

ನಾನು ಮಗಳ ತಟ್ಟೆಯನ್ನು ನನ್ನತ್ತ ಎಳೆದುಕೊಂಡೆ. ನಮ್ಮ ಮಗಳಿಗಾಗಿ ಅವರು ಕೆಮ್ಮುತ್ತಿದ್ದರು.

ಶುಭ ಶುಕ್ರವಾರ ಯೇಸು ಸತ್ತ ದಿನ. ಶಾಲೆಗೂ ರಜೆ.

"ಮೂರು ತಾಸು ಕುಂದ್ರಬೇಕು, ಕೂಸನ್ನ ಕರ್ಕೊಂಡು ಬಾ. ಆಕಿ ಇಲ್ದ ನನಗ ಆಗಂಗಿಲ್ಲ" ಎಂದರು ಅತ್ತಮ್ಮ. ಹೋದೆವು. ಆದೋನಿಯ ಬಿಸಿಲು ನಿಮಗೆ ಗೊತ್ತಿಲ್ಲದಿದ್ದರೆ ಒಳ್ಳೆಯದೇ. ಚರ್ಚು ತುಂಬಿತ್ತು, ಕರೆಂಟು ಹೋಗಿತ್ತು, ಫ್ಯಾನುಗಳು ಸುಮ್ಮನಿದ್ದವು. ಬಲಿಪೀಠದ ಮೇಲೆ ಒಂದು ಬಟ್ಟೆಯೂ ಇಲ್ಲ. ಶಿಲುಬೆಗೆ ಮುಸುಕು. ಆ ದಿನ ಗಂಟೆ ಬಾರಿಸುವುದಿಲ್ಲ, ಅದರ ಬದಲು ಒಂದು ಕಟ್ಟಿಗೆಯ ಹಲಗೆ ಬಡಿಯುತ್ತಾರೆ. ಅದೂ ನಿಂತಿತು. ಅಯ್ಯಗಾರು ಬರಿಗಾಲಲ್ಲಿ ಬಂದು ಬಲಿಪೀಠದ ಮುಂದೆ ನೆಲದ ಮೇಲೆ ಬೋರಲಾಗಿ ಮಲಗಿದರು. ಎಲ್ಲರೂ ಮೊಣಕಾಲೂರಿದರು. ಯಾರೂ ಕೆಮ್ಮಲಿಲ್ಲ, ಅತ್ತಮ್ಮ ಕೂಡ. ಮಗಳು ನಮ್ಮಿಬ್ಬರ ನಡುವೆ ನಿಂತಿದ್ದಳು.

ಆಗ ಕರೆಂಟು ಬಂತು.

ಫ್ಯಾನುಗಳು ಕಿರುಗುಟ್ಟಿ ತಿರುಗತೊಡಗಿದವು. ಮಗಳು ಮೇಲೆ ನೋಡಿದಳು, ಆಮೇಲೆ ಅತ್ತಮ್ಮನ ಬಾಯಿ ನೋಡಿದಳು. ಅತ್ತಮ್ಮ ತುಟಿ ಕಚ್ಚಿ ಹಿಡಿದಿದ್ದರು. ಮಗಳು ಕಾದಳು. ಅವರು ಹೇಳುವುದಿಲ್ಲ ಎಂದು ಖಚಿತವಾದ ಮೇಲೆ ಎರಡೂ ಕೈ ಮೇಲೆತ್ತಿ, ಇಡೀ ಚರ್ಚಿಗೆ ಕೇಳುವಂತೆ, "ಅಲ್ಲೇಲೂಯ!" ಎಂದಳು.

ವರ್ಷವಿಡೀ ಯಾವಾಗ ಹೇಳಿದರೂ ನಡೆಯುತ್ತಿದ್ದ ಪದ; ಹೇಳಲೇಬಾರದ ನಲವತ್ತು ದಿನಗಳಲ್ಲಿ, ಅದರಲ್ಲೂ ಈ ದಿನ, ಈ ಗಳಿಗೆಯಲ್ಲಿ! ನನಗೆ ಗಾಬರಿಯಾಗಿ ಅವಳ ಬಾಯಿ ಮುಚ್ಚಲು ಕೈ ಚಾಚಿದೆ. ಯಾವ ಬಾಯಿಂದ ಒಂದು ಪದ ಬರಲೆಂದು ಇಷ್ಟು ದಿನ ಕಾದಿದ್ದೆನೋ ಅದೇ ಬಾಯಿಯನ್ನು. ಅತ್ತಮ್ಮ ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡರು, ವಾರ್ಡಿನ ಹಿಡಿತ.

"ಮುಚ್ಚಬ್ಯಾಡವ್ವ, ಬಿಡು. ಆಕೀಗೆ ಬೀಗ ಇಲ್ಲ" ಎಂದು ಪಿಸುಗುಟ್ಟಿದರು.

ಮಗಳು ಇನ್ನೊಂದು ಸಲ ಹೇಳಿದಳು. ನೆಲದ ಮೇಲೆ ಮಲಗಿದ್ದ ಅಯ್ಯಗಾರ ಭುಜ ಅಲುಗುತ್ತಿತ್ತು. ಅವರು ಎದ್ದಾಗ ಕಣ್ಣು ಒದ್ದೆಯಾಗಿತ್ತು, ಅದು ನಕ್ಕಿದ್ದಕ್ಕೋ ಅತ್ತಿದ್ದಕ್ಕೋ ನಾನು ಕೇಳಲಿಲ್ಲ. ನಾನಂತೂ ಎರಡನ್ನೂ ಮಾಡುತ್ತಿದ್ದೆ. ಹಿಂದಿನ ಬೆಂಚಿನಲ್ಲಿದ್ದ, ಹೆಸರೂ ಗೊತ್ತಿಲ್ಲದ ಹೆಂಗಸೊಬ್ಬರು ನನ್ನ ಬೆನ್ನು ಸವರುತ್ತಿದ್ದರು.

ಅಂದು ಸಂಜೆ ನಮ್ಮ ಬೀದಿಗೆ ನೀರು ಬಂತು. ಅತ್ತಮ್ಮ ತಾಟು ತರಲು ಒಳಗೆ ಹೋಗುವಷ್ಟರಲ್ಲಿ ಮಹಡಿಯ ಕಟಕಟೆ ಹಿಡಿದು ನಿಂತಿದ್ದ ಮಗಳು ನಲ್ಲಿಯನ್ನು ನೋಡಿ ಕೂಗಿದಳು. ಒಂದೊಂದೇ ಬಾಗಿಲು ತೆರೆದು ಹೆಂಗಸರು ಕೊಡ ಹಿಡಿದು ಹೊರಗೆ ಬಂದರು.

"ಏನ್ ಅತ್ತಮ್ಮ, ನಿಮ್ಮ ಹಬ್ಬ ಇನ್ನ ಬಂದಿಲ್ಲಲ್ರಿ? ಆಗಲೇ ಬೀಗ ತೆಗೆದ್ರೇನು?" ಎಂದು ಎದುರು ಮನೆಯವರು ಕೇಳಿದರು.

ಅತ್ತಮ್ಮ ಮಹಡಿಯತ್ತ ಬೆರಳು ತೋರಿಸಿದರು. ಕೊಡ ಹಿಡಿದವರೆಲ್ಲ ತಲೆಯೆತ್ತಿ ಮೇಲೆ ನೋಡಿದರು. ಮಗಳಿಗೆ ಮಾತು ಬರುವುದಿಲ್ಲವೆಂದು ಅಲ್ಲಿ ಗೊತ್ತಿಲ್ಲದವರು ಯಾರೂ ಇರಲಿಲ್ಲ.

ನಾನು ಕೆಳಗಿಳಿದೆ. ಅತ್ತಮ್ಮನ ಕೊಡ ತುಂಬಿ ಹರಿಯುತ್ತಿತ್ತು. ಅವರು ಅದನ್ನು ಎತ್ತದೆ ಸೆರಗಿನ ಗಂಟನ್ನು ಮುಷ್ಟಿಯಲ್ಲಿ ಹಿಡಿದು, ತುಟಿ ಬಿಗಿದುಕೊಂಡು ನಿಂತಿದ್ದರು. ಕಣ್ಣಲ್ಲಿ ಧಾರೆ. ಈಸ್ಟರ್‌ಗೆ ಇನ್ನೂ ಸಮಯವಿತ್ತು, ಕೊಟ್ಟ ಮಾತು ಮಾತೇ. ಕೆಮ್ಮಿದರು. ಮತ್ತೆ ಕೆಮ್ಮಿದರು. ಆದರೆ ಈ ಸಲ ಪದ ಕೆಳಗಿಳಿಯುವ ಹಾಗೆ ಕಾಣಲಿಲ್ಲ.

ನಾನೇನೂ ಯಾರಿಗೂ ಮಾತು ಕೊಟ್ಟಿರಲಿಲ್ಲ. ಅವರ ಕೊಡವನ್ನು ಎತ್ತಿ ನನ್ನ ಸೊಂಟಕ್ಕಿಟ್ಟುಕೊಂಡು, ಅವರ ಕಿವಿಯ ಹತ್ತಿರ ಬಾಗಿ, ಅವರ ಪರವಾಗಿ ನಾನೇ ಆ ಪದವನ್ನು ಹೇಳಿದೆ.