ರಣಭೈರವನಿಗೆ ಅಡುಗೆ ಬರುವುದಿಲ್ಲ

ಮದುವೆಯಾದ ಹನ್ನೊಂದು ವರ್ಷಗಳಲ್ಲಿ ನಾನು ಕೇಳಿದ್ದು ಒಂದೇ ಒಂದು ಭಾನುವಾರದ ಮಧ್ಯಾಹ್ನ. ಊಟದ ಪಾತ್ರೆ ತೊಳೆದಿಟ್ಟ ಮೇಲೆ ರಾತ್ರಿಯವರೆಗೆ ಅಡುಗೆಮನೆಯ ಹೊಸಿಲು ತುಳಿಯಬಾರದು, ಅಷ್ಟೇ. (ಕೇಳಿದ್ದು ಮನಸ್ಸಿನಲ್ಲಿ. ಬಾಯಿ ಬಿಟ್ಟು ಕೇಳುವ ಧೈರ್ಯ ಚಾಮರಾಜಪೇಟೆಯ ಯಾವ ಸೊಸೆಗಿದೆ?)

ಆ ಭಾಗ್ಯ ಎಂಬತ್ತಾರನೇ ಇಸವಿಯಲ್ಲಿ ನನ್ನ ಮೈದುನ ಶೀನನ ರೂಪದಲ್ಲಿ ಬಂತು. ಇಂಜಿನಿಯರಿಂಗ್ ಓದುತ್ತಿದ್ದ ಅವನು ಹಾಸ್ಟೆಲಿನ ಗೆಳೆಯನ ಪುಸ್ತಕದಿಂದ ಒಂದು ವಿಲಾಯತಿ ಆಟವನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡು ಬಂದಿದ್ದ. ಮಣೆ ಇಲ್ಲ, ಕಾಯಿ ಇಲ್ಲ. ಒಬ್ಬೊಬ್ಬರೂ ಒಬ್ಬ ವೀರನನ್ನು ಸೃಷ್ಟಿಸಿ, ಇಪ್ಪತ್ತು ಅಂಕಗಳನ್ನು ಅವನ ವಿದ್ಯೆಗಳಿಗೆ ಹಂಚಬೇಕು. ಆಮೇಲೆ ಶೀನ ಕಾಡು, ರಾಕ್ಷಸ ಅಂತ ಕಥೆ ಹೇಳುತ್ತಾನೆ. ನಮ್ಮ ವೀರ ಏನು ಮಾಡುತ್ತಾನೆಂದು ನಾವು ಹೇಳಬೇಕು. ಗೆದ್ದನೋ ಸೋತನೋ ದಾಳ ಉರುಳಿಸಿ ತಿಳಿಯಬೇಕು. ದಾಳ ಇರಲಿಲ್ಲವಾದ್ದರಿಂದ ಅತ್ತೆ ವಿಶಾಲಮ್ಮನವರ ಚೌಕಾಬಾರದ ಕವಡೆಗಳನ್ನು ಬೇಡಿ ತಂದ.

"ಅತ್ಗೆ, ನಿಮ್ ವೀರನಿಗೆ ಏನೇನ್ ಬರುತ್ತೆ?"

"ಕತ್ತಿವರಸೆಗೆ ಹದಿನೈದು ಹಾಕು. ಕುದುರೆ ಸವಾರಿಗೆ ಐದು. ಹೆಸರು ರಣಭೈರವ. ಮೀಸೆ ಇರ್ಲಿ, ಕಿವಿವರೆಗೂ."

"ಮೀಸೆಗೆ ಅಂಕ ಇಲ್ಲ. ಅಡುಗೆಗೆ ಒಂದೆರಡು ಹಾಕ್ಕೊಳ್ಳಿ, ಕಾಡಲ್ಲಿ ಬೇಕಾಗುತ್ತೆ."

"ಸೊನ್ನೆ!" ಎಂದೆ. ಆ ಸೊನ್ನೆಯನ್ನು ನಾನೇ ಪೆನ್ಸಿಲ್ ಕಿತ್ತುಕೊಂಡು ದುಂಡಗೆ ಬರೆದೆ.

ನಮ್ಮ ಯಜಮಾನರು (ಸರ್ಕಾರಿ ಕಚೇರಿಯ ಗುಮಾಸ್ತರು) ತಮ್ಮ ವೀರನ ಅಂಕಗಳನ್ನೆಲ್ಲ 'ಅಡಗಿ ಕೂರುವುದು' ಎಂಬ ವಿದ್ಯೆಗೆ ಸುರಿದರು. ಅಭ್ಯಾಸಬಲ.

ರಣಭೈರವ ಅರ್ಧ ಗಂಟೆಯಲ್ಲಿ ಇಬ್ಬರು ರಾಕ್ಷಸರನ್ನು ತರಿದು ಹಾಕಿದ. "ಹಾಕು ಇನ್ನೊಂದು ಏಟು!" ಎಂದು ನಾನು ಕೂಗಿದ್ದು ಪಕ್ಕದ ಮನೆಯ ಮುನಿಯಮ್ಮನವರಿಗೆ ಕೇಳಿಸಿತು. ಅವರು ಕಿಟಕಿಯಲ್ಲಿ ಇಣುಕಿ, "ಏನ್ ಶಿವಕುಮಾರಿ, ಎಲ್ಲಾ ಚೆನ್ನಾಗಿದೀರಾ?" ಎನ್ನುತ್ತ ಯಜಮಾನರ ಮೈಕೈಯನ್ನು ಕಣ್ಣಲ್ಲೇ ಪರೀಕ್ಷಿಸಿ ಹೋದರು.

ಆಮೇಲೆ ಶೀನ ಹಲ್ಲು ಕಿರಿದ. "ಕಾಡಲ್ಲಿ ನಿಮ್ ವೀರರಿಗೆ ಮೂರು ದಿನದಿಂದ ಊಟ ಇಲ್ಲ. ದಿನಕ್ಕೆರಡು ಅಂಕ ಕಳೀತೀನಿ. ಒಂದು ಮೂಟೆ ರಾಗಿಹಿಟ್ಟು ಸಿಕ್ಕಿದೆ. ಮುದ್ದೆ ಮಾಡೋರ್ಯಾರು?"

ಯಜಮಾನರು ನನ್ನ ಮುಖ ನೋಡಿದರು.

"ನನ್ನನ್ಯಾಕೆ ನೋಡ್ತೀರಾ? ರಣಭೈರವನಿಗೆ ಅಡುಗೆ ಬರಲ್ಲ. ಬರೆದಿದೆ ನೋಡಿ."

"ಕಲ್ತ್ಕೋಬಹುದಲ್ವೇನೇ..."

"ನಿಮ್ ವೀರ ಕಲ್ತ್ಕೊಳ್ಳಿ!"

"ಅವ್ನು ಅಡಗಿ ಕೂತಿದಾನೆ ಕಣೇ."

ಎಲ್ಲರೂ ಉಪವಾಸ ಬೀಳಲಿ ಎಂದು ನಾನು ಕಾಲ ಮೇಲೆ ಕಾಲು ಹಾಕಿ ಕೂತೆ. ಈ ಮನೆಯಲ್ಲಿ ಮೊದಲ ಸಲ 'ಬರಲ್ಲ' ಎಂದಿದ್ದೆ. ಹಾಲು ಕುಡಿದಷ್ಟು ಸಂತೋಷವಾಯಿತು.

ಆಗ ಮೂಲೆಯಲ್ಲಿ ಎಲೆಗೆ ಸುಣ್ಣ ಹಚ್ಚುತ್ತಿದ್ದ ಅತ್ತೆ, "ಕವಡೆ ನಂದು. ನಂಗೂ ಒಬ್ಬ ವೀರನ್ನ ಕೊಡೋ ಶೀನ," ಎಂದರು.

"ಏನ್ ವಿದ್ಯೆ ಬೇಕಮ್ಮ? ಕತ್ತಿ, ಬಿಲ್ಲು, ಗದೆ, ಆಜ್ಞೆ..."

"ಆಜ್ಞೆ ಅಂದ್ರೇನು?"

"ನೀನ್ ಹೇಳಿದ್ನ ಬೇರೆ ವೀರರು ಮಾಡ್ಲೇಬೇಕು. ಅವ್ರಿಗೆ ಮನೋಬಲ ಜಾಸ್ತಿ ಇದ್ರೆ ಮಾತ್ರ ಬೇಡ."

"ಇಪ್ಪತ್ತೂ ಅದಕ್ಕೇ ಹಾಕು."

ಶೀನ ನನ್ನ ಕಾಗದ ತಿರುಗಿಸಿ ನೋಡಿದ. "ಅತ್ಗೆ, ಮನೋಬಲಕ್ಕೆ ನೀವು ಏನೂ ಹಾಕಿಲ್ಲ."

ಅದಕ್ಕೂ ಅಂಕ ಕೊಡಬೇಕೆಂದು ನನಗೇನು ಗೊತ್ತು? ಹನ್ನೊಂದು ವರ್ಷ ಇಲ್ಲಿ ಬಾಳಿದವಳಿಗೆ ಅದು ತಾನಾಗಿಯೇ ಬಂದಿರುತ್ತದೆ ಎಂದುಕೊಂಡಿದ್ದೆ.

ಅತ್ತೆ ಎಲೆ ಅಡಿಕೆ ಬಾಯಿಗಿಟ್ಟು ಸಾವಕಾಶವಾಗಿ ಹೇಳಿದರು: "ಏಯ್ ರಣಭೈರವ, ಕತ್ತಿ ಕೆಳಗಿಡು. ಎಸರಿಡು."

"ಅವನಿಗೆ ಬರಲ್ಲ ಅತ್ತೆ!"

"ನಾನ್ ಹೇಳ್ಕೊಡ್ತೀನಿ."

ಇಬ್ಬರು ರಾಕ್ಷಸರನ್ನು ಕೊಂದ ನನ್ನ ವೀರ ಮೂರು ಕಲ್ಲು ಹೂಡಿ ಒಲೆ ಊದತೊಡಗಿದ. ಮುದ್ದೆಯ ಹದ, ಕೋಲು ಹಿಡಿಯುವ ರೀತಿ, ಜೊತೆಗೆ ಹುರುಳಿಕಾಳಿನ ಬಸ್ಸಾರು, ಎಲ್ಲವನ್ನೂ ಅತ್ತೆ ಬಣ್ಣಿಸಿ ಬಣ್ಣಿಸಿ ಹೇಳಿದರು. ಕೇಳಿ ಕೇಳಿ ಯಜಮಾನರ ಬಾಯಲ್ಲಿ ನೀರೂರಿತು. "ನಿಜವಾಗ್ಲೂ ಹಸಿವಾಗ್ತಿದೆ ಕಣೇ," ಎಂದರು. ಶೀನನೂ ತಲೆಯಾಡಿಸಿದ.

ನಾಲ್ಕೂವರೆಗೆ ನಾನು ಸೀಮೆಎಣ್ಣೆ ಸ್ಟವ್‌ಗೆ ಪಂಪು ಹೊಡೆಯುತ್ತಿದ್ದೆ. ಅಳುವೇ ಬಂತು. ನಡುಮನೆಯಲ್ಲಿ ಆಟ ಇನ್ನೂ ನಡೆದೇ ಇತ್ತು. ನಾನು ಎಸರಿಗೆ ಹಿಟ್ಟು ಸುರಿಯುವ ಹೊತ್ತಿಗೆ ಸರಿಯಾಗಿ ಅತ್ತೆಯ ದನಿ ಕೇಳಿಸಿತು: "ಗಂಟಾಗ್ದಂಗೆ ತಿರುವು!"

ಹೇಳಿದ್ದು ರಣಭೈರವನಿಗೋ ನನಗೋ ಎಂದು ವಿಚಾರಿಸಲು ಹೋಗಲಿಲ್ಲ. ತಿರುವಿದೆ.