ಒಬ್ಬನಿಗಾಗುವಷ್ಟು ತಂಬುಳಿ

ನಮ್ಮ ಮನೆಯಲ್ಲಿ ದನ ಇಲ್ಲ. ಅಗತ್ಯವೂ ಇಲ್ಲ, ಸೋದರಮಾವ ಇದ್ದಾನೆ! ಒಂದೆಲಗದ ಸೊಪ್ಪು ಕಂಡರೆ ಸಾಕು, ಬೇರಿನ ಮಣ್ಣು ಕೊಡವಿ, ಪಂಚೆಗೆ ಒರೆಸಿ, ಹಸಿಯಾಗಿಯೇ ಬಾಯಿಗೆ ಹಾಕಿಕೊಳ್ಳುತ್ತಾನೆ. ದಂಟೂ ಸೇರಿ!

ಮಾವ ಯಲ್ಲಾಪುರದ ಕಡೆ ಬಸ್ ಕಂಡಕ್ಟರ್ ಆಗಿದ್ದವನು. ಒಮ್ಮೆ ಇಡಗುಂದಿಯಲ್ಲಿ ಬಸ್ಸು ನಿಂತಾಗ ಹಳ್ಳದ ಅಂಚಿಗೆ ಇಳಿದು ಸೊಪ್ಪು ಕೊಯ್ಯುತ್ತ ಕೂತ. ಯಾರೋ ಪುಣ್ಯಾತ್ಮ ಹಿಂದಿನ ಸೀಟಿನಿಂದ "ರೈಟ್" ಅಂದ. ಬಸ್ಸು ಹೊರಟೇಹೋಯಿತು! ಲಾರಿ ಹತ್ತಿಕೊಂಡು ಬಂದು ಬಸ್ಸು ಹಿಡಿದ ಮಾವ, ಬೈಯಲಿಲ್ಲ. ಸೊಪ್ಪಿನ ಕಟ್ಟನ್ನು ಡ್ರೈವರನ ಮುಂದೆ ಹಿಡಿದು, "ಕಂಡಕ್ಟರನ್ನೇ ಮರೆತು ಬಂದ್ಯಲ್ಲೋ, ತಗೋ, ತಿನ್ನು. ನೆನಪಿಗೆ ಒಳ್ಳೇದು" ಅಂದನಂತೆ.

ಮದುವೆ ಯಾಕಾಗಲಿಲ್ಲ ಅಂತೀರಾ? ದೊಡ್ಮನೆಗೆ ಹೆಣ್ಣು ನೋಡಲು ಹೋದವನು ಹೆಣ್ಣು ಹೊರಗೆ ಬರುವಷ್ಟರಲ್ಲಿ ಬಾವಿಕಟ್ಟೆ ಹತ್ತಿರ ಕುಕ್ಕರುಗಾಲಲ್ಲಿ ಕೂತಿದ್ದ. ಮೊಣಕಾಲವರೆಗೆ ಕೆಸರು, ಕೈತುಂಬ ಒಂದೆಲಗ! ಹುಡುಗಿ ಒಳಗೆ ಹೋಗಿ, "ಯಂಗೆ ಗಂಡ ಬೇಕು, ಎತ್ತಲ್ಲ" ಅಂದಳಂತೆ. ಮಾವ ಅದನ್ನು ಈಗಲೂ ನಗುತ್ತಲೇ ಹೇಳುತ್ತಾನೆ. "ಒಂದೆಲಗ ಮಾತ್ರ ಭಾರೀ ಚೊಲೋ ಇತ್ತು ಮಾರಾಯಾ." ಆಮೇಲೆ ಎಲ್ಲಿಯೂ ಹೆಣ್ಣು ನೋಡಲು ಹೋಗಲಿಲ್ಲ.

ನಿವೃತ್ತನಾದ ಮೇಲೆ ಶಿರಸಿಯಲ್ಲಿ ನಮ್ಮ ಮನೆಯ ಹಿಂದಿನ ಓಣಿಯಲ್ಲೇ ಒಂದು ಕೋಣೆ ಹಿಡಿದ. ದಿನಾ ಮಧ್ಯಾಹ್ನ ನಮ್ಮ ಬಾಗಿಲಿಗೆ ತಂಬುಳಿಯ ಕ್ಯಾನು ಬರತೊಡಗಿತು. ಹಸಿ ಒಂದೆಲಗ, ಜೀರಿಗೆ, ಕಾಳುಮೆಣಸು, ಕಾಯಿತುರಿ ರುಬ್ಬಿ, ಮಜ್ಜಿಗೆ ಬೆರೆಸಿದ ತಂಬುಳಿ. ಪಿತ್ತಕ್ಕೆ ಒಳ್ಳೆಯದು, ನಿದ್ದೆಗೆ ಒಳ್ಳೆಯದು, ಕೂದಲಿಗೆ ಒಳ್ಳೆಯದು ಎಂಬ ಭಾಷಣ ಉಚಿತ. ಅವನ ತಲೆ ಮಾತ್ರ ಪೂರ್ತಿ ಬೋಳು!

"ಬಾಯಿಹುಣ್ಣಿಗೂ ಒಳ್ಳೇದೇ ಕೂಸೇ."

"ಯಂಗೆ ಬಾಯಿಹುಣ್ಣೇ ಇಲ್ಲೆ ಮಾವಾ," ಎಂದಳು ನನ್ನ ಹೆಂಡತಿ.

"ನೋಡಿದ್ಯಾ? ತಂಬ್ಳಿ ಕೆಲಸ ಮಾಡ್ತಾ ಇದ್ದು!"

ಒಬ್ಬನಿಗೆ ಇಷ್ಟೊಂದು ಯಾಕೆ ಮಾಡುತ್ತೀ ಎಂದು ಕೇಳಿದರೆ ಅದಕ್ಕೂ ಉತ್ತರ ಸಿದ್ಧ. "ಒಬ್ನಿಗೆ ಆಪಷ್ಟು ಸೊಪ್ಪು ಹಾಕಿರೆ ಮಿಕ್ಸಿ ಬ್ಲೇಡಿಗೇ ಸಿಕ್ತಿಲ್ಲೆ. ಜಾರಿನ ಸುತ್ತ ಮೆತ್ತಿಕೊಂಡು ಕೂತ್ಕತ್ತು." ಮಾತು ನಿಜವೇ. ಸ್ವಲ್ಪ ಏನನ್ನಾದರೂ ರುಬ್ಬಲು ಹೋಗಿ ಸೋತವರಿಗೆ ಗೊತ್ತು.

ಮುದುಕ ಪಾಪ, ಎಷ್ಟು ಒದ್ದಾಡುತ್ತಾನೆ ಎಂದು ನನ್ನ ಹೆಂಡತಿ ಪೇಟೆಗೆ ಹೋಗಿ ಅವನ ಮಿಕ್ಸಿಗೆ ಹೊಂದುವ ಪುಟಾಣಿ ಜಾರು ತಂದುಕೊಟ್ಟಳು. ಒಂದು ಮುಷ್ಟಿ ಸೊಪ್ಪೂ ನುಣ್ಣಗಾಗುತ್ತದೆ. ಮಾವ ಅದನ್ನು ತಿರುಗಿಸಿ ತಿರುಗಿಸಿ ನೋಡಿದ. "ಚೊಲೋ ಆತು" ಅಂದ.

ಮರುದಿನ ಮಾವ ಬರಲಿಲ್ಲ. ಅದರ ಮರುದಿನವೂ ಇಲ್ಲ. ವಾರ ಕಳೆಯುವಷ್ಟರಲ್ಲಿ ಊಟಕ್ಕೆ ಕೂತಾಗ ನಾವಿಬ್ಬರೂ ಬಾಗಿಲ ಕಡೆ ನೋಡತೊಡಗಿದ್ದೆವು. ಕೊನೆಗೆ ನಾನೇ ಹೋದೆ.

ಮಾವ ಗೋಡೆಗೆ ಮುಖ ಮಾಡಿ ಊಟಕ್ಕೆ ಕೂತಿದ್ದ. ಬಟ್ಟಲಲ್ಲಿ ಇಷ್ಟೇ ಇಷ್ಟು ತಂಬುಳಿ.

"ಎಂತ ಮಾವಾ, ಬಪ್ಪದೇ ಬಿಟ್ಟುಬಿಟ್ಯಲಾ?"

"ಸಣ್ಣ ಜಾರು ಭಾರೀ ಚೊಲೋ ಇದ್ದು," ಅಂದ. ಅನ್ನಕ್ಕೆ ತಂಬುಳಿ ಕಲಸಿದ. "ಕೊಡಲೆ ಎಂತೂ ಮಿಕ್ತಿಲ್ಲೆ. ದಿನಾ ಬರೀ ಕೈಯಲ್ಲಿ ಹ್ಯಾಂಗೆ ಬಪ್ಪದು?"

ದಿನವಿಡೀ ಬಸ್ಸು ತುಂಬ ಜನರ ಜೊತೆ ಮಾತಾಡಿಕೊಂಡಿದ್ದ ಮನುಷ್ಯ. ಈಗ ಅವನು ಮಾತಾಡಲು ಬರುತ್ತಿದ್ದುದು ನಮ್ಮ ಮನೆಗೆ ಮಾತ್ರ. ತೊಳೆದಿಟ್ಟಿದ್ದ ಆ ಪುಟಾಣಿ ಜಾರನ್ನು ನಾನು ಎತ್ತಿಕೊಂಡೆ.

"ಯಮ್ಮನೆ ಜಾರು ಒಡದು ಹೋಯ್ದು ಮಾವಾ. ಇದನ್ನ ತಗಂಡು ಹೋಗ್ತೆ," ಎಂದು ಸುಳ್ಳು ಬಿಟ್ಟೆ.

"ಆ ಸಣ್ಣ ಜಾರು ಇಬ್ರಿಗೆ ಎಲ್ಲಿ ಸಾಕಾಗ್ತು? ಹಂಗಾರೆ ನಿಂಗಕ್ಕೂ ಸೇರ್ಸಿ ತಂಬ್ಳಿ ಆನೇ ರುಬ್ಬವಾತಲಾ!" ಎಂದು ಗದರಿದ. ಎಂಜಲು ಕೈಯಲ್ಲಿ ನೀರಿನ ತಂಬಿಗೆ ಮುಟ್ಟಿದರೂ ಸಿಡುಕುವ ನನ್ನ ಮಾವ, ಅರ್ಧ ಊಟಕ್ಕೇ ಎದ್ದು, ಅದೇ ಎಂಜಲು ಕೈಯಲ್ಲಿ ಕಪಾಟು ತೆಗೆದು ದೊಡ್ಡ ಜಾರು ಹುಡುಕತೊಡಗಿದ.