ಅತ್ತೆ ಆರಿಸಿದ ಲೆಕ್ಕದ ಪುಸ್ತಕ

ನಮ್ಮ ಸೋದರತ್ತೆ ತನ್ನ ಗಂಡನನ್ನು ಒಪ್ಪಿಕೊಂಡದ್ದು ಒಂದು ಕಪ್ ಚಹಾ ಆರುವುದರೊಳಗೆ. ಅದೇ ಅತ್ತೆಗೆ ಹತ್ತನೇ ತರಗತಿಗೆ ಗಣಿತದ ಒಂದು ಅಭ್ಯಾಸ ಪುಸ್ತಕ ಆರಿಸಲು ಇಡೀ ಬೇಸಿಗೆ ಸಾಲಲಿಲ್ಲ! ಇದೆಂಥ ನ್ಯಾಯ ಎಂದು ಆ ಗಂಡನನ್ನೇ, ಅಂದರೆ ನಮ್ಮ ಮಾಮಾನನ್ನು, ಕೇಳಿದರೆ ಅವರು ಪೇಪರಿನಿಂದ ತಲೆ ಎತ್ತದೆ ಹೇಳುತ್ತಾರೆ: “ನನ್ನ ಬೆನ್ನಿನ ಮ್ಯಾಲೆ ಉತ್ತರ ಪ್ರಿಂಟ್ ಆಗಿರಲಿಲ್ಲವ್ವಾ. ಅದಕ್ಕ ಪಾಸಾದೆ.”

ಅತ್ತೆ ಚಿಕ್ಕೋಡಿಯ ಒಂದು ಖಾಸಗಿ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ. ಸರಕಾರದ ಪಠ್ಯಪುಸ್ತಕವಂತೂ ಇದ್ದೇ ಇದೆ, ಅದರಲ್ಲಿ ಆರಿಸುವ ಮಾತಿಲ್ಲ. ಅದರ ಜೊತೆಗೆ ಮಕ್ಕಳು ಬಿಡಿಸಿ ಬಿಡಿಸಿ ಕೈ ಪಳಗಿಸಿಕೊಳ್ಳಲು ಒಂದು ಅಭ್ಯಾಸ ಪುಸ್ತಕ ಬೇಕು. ಬೇರೆ ಶಾಲೆಗಳಲ್ಲಿ ಈ ಕೆಲಸ ಹೇಗೆ ನಡೆಯುತ್ತದೆ? ಏಜೆಂಟರು ಬರುತ್ತಾರೆ, ಚಹಾ ಕುಡಿಯುತ್ತಾರೆ, ಪುಸ್ತಕ ಕೊಟ್ಟು ಹೋಗುತ್ತಾರೆ. ಅತ್ತೆಯ ಶಾಲೆಯಲ್ಲೂ ಹೋದ ವರ್ಷದವರೆಗೆ ಹಾಗೆಯೇ ನಡೆದಿತ್ತು.

ಹೋದ ವರ್ಷ ಆದದ್ದಿಷ್ಟು. ಒಂಬತ್ತನೇ ತರಗತಿಯ ವಾರ್ಷಿಕ ಪರೀಕ್ಷೆಯಲ್ಲಿ ರೇಷ್ಮಾ ಎಂಬ ಹುಡುಗಿ ಗಣಿತದ ಉತ್ತರಪತ್ರಿಕೆಯನ್ನು ಖಾಲಿಯಾಗಿಯೇ ಕೊಟ್ಟಳು. ಹೆಸರು ಬರೆದಿದ್ದಳು, ಅಷ್ಟೆ. ದಡ್ಡಿಯಲ್ಲ ಆಕೆ. ಬೇರೆ ವಿಷಯಗಳಲ್ಲಿ ಮುಂದೆಯೇ ಇದ್ದಳು. ಅತ್ತೆ ಕರೆದು ಕೇಳಿದರೆ ಹುಡುಗಿ ನೆಲ ನೋಡುತ್ತ ಹೇಳಿದಳಂತೆ: “ಮೊದಲನೇ ಲೆಕ್ಕನ ಬರಲಿಲ್ಲರಿ ಬಾಯಾರ. ಮುಂದ ಕೈನ ಓಡಲಿಲ್ಲ.” ಆಕೆಯ ಅಪ್ಪ ಬಸ್‌ಸ್ಟ್ಯಾಂಡ್ ಹತ್ತಿರದ ಟೇಲರ್. ಕೆಟ್ಟವನಲ್ಲ, ಹೈರಾಣಾದವನು. ಶಾಲೆಯವರು ಹುಡುಗಿಯನ್ನು ಹೇಗೋ ಹತ್ತನೇ ತರಗತಿಗೆ ದಾಟಿಸಿದ ಮೇಲೆ ಆತನೇ ಶಾಲೆಗೆ ಬಂದು ಹೇಳಿ ಹೋದ: “ಹತ್ತನೇದ ನಪಾಸಾದ್ರ ಮಷೀನ್ ಮುಂದ ಕೂಡಸ್ತೀನ್ರಿ ಬಾಯಾರ. ಮತ್ತೊಮ್ಮಿ ಪರೀಕ್ಷಾ ಕಟ್ಟಸೂದು ನನ್ನ ಕಡೆ ಆಗಂಗಿಲ್ಲ.”

ಅಂದು ಸಂಜೆ ಅತ್ತೆ ನಮ್ಮ ಮನೆಗೆ ಬಂದು, ಚಪ್ಪಲಿ ಬಿಡುವ ಮೊದಲೇ ಘೋಷಿಸಿದಳು: “ಮೊದಲನೇ ಲೆಕ್ಕ ಹೆದರಸಲಾರದಂಥಾ ಪುಸ್ತಕ ಬೇಕು. ನಾಳಿಂದ ಹುಡಕೂದು. ನಿನ್ನ ಸ್ಕೂಟಿಗೆ ಪೆಟ್ರೋಲ್ ಹಾಕಸು.”

ನನ್ನ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ ಎಂಬುದನ್ನು ಗಮನಿಸಿದಿರಲ್ಲ?

ಮೊದಲ ಸವಾರಿ ನಿಪ್ಪಾಣಿಯ ಒಂದು ಪುಸ್ತಕದ ಅಂಗಡಿಗೆ. ಪುಸ್ತಕ ಕೊಳ್ಳುವವರು ಏನು ಮಾಡುತ್ತಾರೆ? ಮುಖಪುಟ ನೋಡುತ್ತಾರೆ, ನಾಲ್ಕು ಹಾಳೆ ತಿರುವುತ್ತಾರೆ. ಅತ್ತೆ ಪುಸ್ತಕವನ್ನು ಹಿಂದಿನಿಂದ, ಅಂದರೆ ಉತ್ತರಗಳಿಂದ ಶುರುಮಾಡಿದಳು. ಆಮೇಲೆ ನಡುವೆ ತೆರೆದು ಕೌಂಟರ್ ಮೇಲೆ ಇಟ್ಟಳು. ಪುಸ್ತಕ ತಾನಾಗಿಯೇ ಮುಚ್ಚಿಕೊಂಡಿತು. “ಇದಕ್ಕ ಓದಿಸಿಕೊಳ್ಳೂ ಮನಸ್ಸಿಲ್ಲ” ಎಂದು ಬದಿಗೆ ತಳ್ಳಿದಳು. ಇನ್ನೊಂದನ್ನು ಎತ್ತಿಕೊಂಡು, ಪರ್ಸಿನಿಂದ ಪೆನ್ಸಿಲ್ ತೆಗೆದು, ಅದರಲ್ಲಿ ಒಂದು ಲೆಕ್ಕ ಬಿಡಿಸಿ, ರಬ್ಬರಿನಿಂದ ಗಸಗಸ ಅಳಿಸಿದಳು. ಹಾಳೆ ಹರಿಯಿತು. ಅಂಗಡಿಯವರ ಮುಖವೂ ಹೆಚ್ಚುಕಡಿಮೆ ಹರಿಯಿತು!

“ಅಹೋ ಬಾಯೀ, ಇದು ಮಾರೂ ಮಾಲು!”

“ಹುಡುಗೂರು ತಪ್ಪು ಮಾಡೂದ ಕಲಿಯಾಕ. ತಪ್ಪು ಅಳಸಾಕ ಆಗಲಾರದ ಹಾಳಿ ಮ್ಯಾಲೆ ಅವು ಹೆಂಗ ಬರೀಬೇಕು?”

ಆ ಪುಸ್ತಕವನ್ನು ನಾವೇ ಕೊಂಡೆವು, ಬೇರೆ ದಾರಿ ಇತ್ತೆ? ಮರುವಾರ ರಾಯಬಾಗದ ಅಂಗಡಿಗೆ ಹೋದರೆ ಅಲ್ಲಿಯವರು ನಮ್ಮನ್ನು ಕಂಡೊಡನೆ ಹೇಳಿದರು: “ಪುಸ್ತಕ ಎಷ್ಟ ಬೇಕಾದ್ರೂ ನೋಡ್ರಿ, ಆದ್ರ ರಬ್ಬರ್ ಹೊರಗ ಇಟ್ಟ ಬರ್ರಿ!” ಅತ್ತೆಯ ಕೀರ್ತಿ ನನ್ನ ಸ್ಕೂಟಿಗಿಂತ ವೇಗವಾಗಿ ಓಡುತ್ತಿತ್ತು.

ರಾಯಬಾಗದಲ್ಲಿ ಸಿಕ್ಕ ಒಂದು ಪುಸ್ತಕ ಆಕೆಗೆ ಬಹುತೇಕ ಹಿಡಿಸಿತು. ಕಾಗದ ಗಟ್ಟಿ, ತೆರೆದರೆ ತೆರೆದೇ ಇರುವ ಸೌಜನ್ಯ. ನಾನು ಒಳಗೊಳಗೇ ಕೈಮುಗಿದೆ. ಅಷ್ಟರಲ್ಲಿ ಅದರಲ್ಲೊಂದು ದೋಣಿಯ ಲೆಕ್ಕ ಬಂತು. ಅಂಬಿಗನೊಬ್ಬ ಹುಟ್ಟು ಹಾಕುತ್ತ ಪ್ರವಾಹದ ವಿರುದ್ಧ ಗಂಟೆಗೆ ನಲವತ್ತು ಕಿಲೋಮೀಟರ್ ಹೋಗುತ್ತಾನಂತೆ. ಅತ್ತೆಯ ಹುಬ್ಬು ಮೇಲೇರಿತು. ಮರುದಿನ ನಾವು ಎಲ್ಲಿದ್ದೆವು ಹೇಳಿ? ಜುಗೂಳದಲ್ಲಿ, ಕೃಷ್ಣೆಯ ದಂಡೆಯಲ್ಲಿ, ಒಬ್ಬ ಅಂಬಿಗನ ಎದುರು! ಅತ್ತೆ ಲೆಕ್ಕವನ್ನು ಗಟ್ಟಿಯಾಗಿ ಓದಿ ಹೇಳಿದಳು. ಆತ ಬೀಡಿ ಕೆಳಗಿಟ್ಟ.

“ಬಾಯಾರ, ಇಷ್ಟ ಜೋರ ಹೋಗೂ ಅಂಬಿಗ ನಾವಿ ಯಾಕ ನಡಸ್ತಾನ್ರಿ? ಪೊಲೀಸ್ ಭರ್ತಿಗೆ ಹೋಗತಿದ್ದ!”

ಆ ಪುಸ್ತಕ ಅಲ್ಲಿಯೇ ಮುಳುಗಿತು. ಹೊಳೆಯಲ್ಲಲ್ಲ, ಅತ್ತೆಯ ಅಭಿಪ್ರಾಯದಲ್ಲಿ. ನನಗೆ ಮಾತ್ರ ಬಿಸಿಲಿಗೆ ತಲೆ ಸಿಡಿಯುತ್ತಿತ್ತು. “ಅತ್ತಿ, ಅದು ಬರೇ ಲೆಕ್ಕ. ಉತ್ತರ ಬಂದ್ರ ಮುಗೀತಲ್ಲ?” ಎಂದೆ. “ಸುಳ್ಳ ಹೇಳೂ ಪುಸ್ತಕ ಅನ್ನೂದು ಹುಡುಗೂರಿಗೆ ಗೊತ್ತಾಗತೈತಿ” ಎಂದಳು ಅತ್ತೆ. “ಆಮ್ಯಾಲೆ ಅವು ಖರೇ ಮಾತೂ ನಂಬಂಗಿಲ್ಲ.” ಸ್ಕೂಟಿ ಚಾಲೂ ಮಾಡಿದೆ.

ಕೊನೆಗೆ ಅಥಣಿಯ ಒಂದು ಹಳೆಯ ಅಂಗಡಿಯಲ್ಲಿ, ಎಲ್ಲಕ್ಕಿಂತ ಕೆಳಗಿನ ಹಲಗೆಯಲ್ಲಿ, ಆಕೆಗೆ ಬೇಕಾದದ್ದು ಸಿಕ್ಕಿತು. ತೆಳ್ಳಗಿನ ಪುಸ್ತಕ. ಮುಖಪುಟದಲ್ಲಿ ಚಿತ್ರವೂ ಇಲ್ಲ. ಆದರೆ ಪ್ರತಿ ಅಧ್ಯಾಯದ ಮೊದಲ ಲೆಕ್ಕ ಎಷ್ಟು ಸುಲಭವೆಂದರೆ ನನಗೂ ಬಂತು! ಎರಡನೆಯದು ಮೊದಲನೆಯದರ ಕೈ ಹಿಡಿದು ಬರುತ್ತಿತ್ತು, ಮೂರನೆಯದು ಎರಡನೆಯದರ ಕೈ ಹಿಡಿದು. ಅತ್ತೆ ಅಂಗಡಿಯ ಸ್ಟೂಲಿನ ಮೇಲೆ ಕೂತು ಅರ್ಧ ಪುಸ್ತಕ ಬಿಡಿಸಿದಳು. ಅಂಗಡಿಯವರು ಮಧ್ಯಾಹ್ನದ ಊಟಕ್ಕೆ ಹೋಗಿ ಬಂದರು. ಆಕೆ ಕದಲಿರಲಿಲ್ಲ.

ಆರಿಸಿದ್ದಾಯಿತಲ್ಲ, ಇನ್ನಾದರೂ ಮುಗಿಯಿತೇ? ಎಲ್ಲಿ ಬಂತು! ಶಾಲೆಗೆ ಕೊಲ್ಹಾಪುರದಿಂದ ಒಬ್ಬ ಏಜೆಂಟ್ ಬಂದು ಬಣ್ಣಬಣ್ಣದ ದೊಡ್ಡ ಪುಸ್ತಕವೊಂದನ್ನು ಕೊಟ್ಟು ಹೋಗಿದ್ದ. ಪುಸ್ತಕದ ಜೊತೆ ಶಾಲೆಯ ಹೆಸರಿರುವ ಬ್ಯಾಗ್ ಪುಕ್ಕಟೆ! ಶಾಲೆಯ ಆಡಳಿತ ಮಂಡಳಿಯ ಚೇರಮನ್ನರಿಗೆ ಬ್ಯಾಗ್ ಬಹಳ ಹಿಡಿಸಿತ್ತು. ಅತ್ತೆ ಎರಡೂ ಪುಸ್ತಕಗಳನ್ನು ಹಿಡಿದುಕೊಂಡು ಬೇಡಕಿಹಾಳದಲ್ಲಿ ನಮ್ಮ ಬಳಗದ ಒಂದು ಮದುವೆಗೆ ಹೊರಟಳು. ಅಲ್ಲಿ ಮಕ್ಕಳ ನಡುವೆ ಎರಡನ್ನೂ ಪೆನ್ಸಿಲ್ ಸಮೇತ ಇಟ್ಟು ಬಂದು ಏನೂ ಅರಿಯದವಳಂತೆ ಕೂತಳು. ಮೊದಲಿಗೆ ಎಲ್ಲರೂ ಬಣ್ಣದ ಪುಸ್ತಕಕ್ಕೇ ಮುಗಿಬಿದ್ದರು. ಊಟ ಮುಗಿಸಿ ಬಂದು ನೋಡುತ್ತೇವೆ, ತೆಳ್ಳಗಿನ ಪುಸ್ತಕದ ಸುತ್ತ ಮಕ್ಕಳು ತಲೆಗೆ ತಲೆ ಹಚ್ಚಿ ಜಗಳವಾಡುತ್ತಿದ್ದಾರೆ: “ಲೇ, ಮುಂದಿಂದು ನಂದು! ನೀ ಆಗಲೇ ಮಾಡೀಯಲ್ಲ!” ಬಣ್ಣದ ಪುಸ್ತಕ ಎಲ್ಲಿ? ಸೆಕೆಯಲ್ಲಿ ಬೆವರುತ್ತಿದ್ದ ಬೀಗರ ಕೈಯಲ್ಲಿ!

“ಬುಕ್ಕ ಭಾರಿ ಐತ್ರಿ ಬಾಯಾರ,” ಎಂದರು ಅವರು ಬೀಸಿಕೊಳ್ಳುತ್ತ. “ಗಾಳಿ ಮಸ್ತ ಬರತೈತಿ!”

ಜೂನ್‌ನಲ್ಲಿ, ಯಾವ ಪುಸ್ತಕ ಎಂದು ತೀರ್ಮಾನಿಸಲು ಶಾಲೆಯಲ್ಲಿ ಸಭೆ ನಡೆಯಿತು. ಅತ್ತೆ ನನ್ನನ್ನೂ ಧೈರ್ಯಕ್ಕೆಂದು ಕರೆದುಕೊಂಡು ಹೋಗಿದ್ದಳು. ಅದು ಯಾರ ಧೈರ್ಯಕ್ಕೋ ನನಗೆ ಇಂದಿಗೂ ತಿಳಿದಿಲ್ಲ. ಏಜೆಂಟ್ ಪುಸ್ತಕ ತೆರೆದು ತೋರಿಸಿದ: “ಮ್ಯಾಡಮ್, ಕಲರ್ ಬಘಾ, ನೋಡ್ರಿ! ಹಿಂತಾದ್ದು ಬೆಳಗಾವ್ಯಾಗೂ ಸಿಗಂಗಿಲ್ಲ.” ಚೇರಮನ್ನರು ತಲೆಯಾಡಿಸಿದರು. ಅತ್ತೆ ವಾದ ಮಾಡಲಿಲ್ಲ. ಅದೇ ಪುಸ್ತಕದ ಒಂದು ಪುಟವನ್ನು ಚೇರಮನ್ನರ ಮುಂದೆ ಸರಿಸಿದಳು.

“ಅಣ್ಣಾರ, ಇದು ಕಬ್ಬಿನ ಲೆಕ್ಕ. ನೀವ ದೊಡ್ಡ ಕಬ್ಬಿನ ಧಣ್ಯಾರ. ಹಿಂದ ಕೊಟ್ಟ ಉತ್ತರ ಒಂದೀಟ ಓದ್ರಲ್ಲ.”

ಚೇರಮನ್ನರು ಕನ್ನಡಕ ಏರಿಸಿ ಓದಿದರು. “ಎಕರೆಗೆ ಆರನೂರು ಟನ್.” ಮತ್ತೊಮ್ಮೆ ಓದಿದರು. ಆಮೇಲೆ ಏಜೆಂಟನ ಕಡೆ ತಿರುಗಿ ಬಹಳ ಮೆತ್ತಗೆ ಕೇಳಿದರು: “ತಮ್ಮಾ, ಈ ಬೀಜ ಎಲ್ಲಿ ಸಿಗತೈತಿ? ನನಗೂ ಬೇಕಾಗೇತಿ!”

ಸಭೆಯೆಲ್ಲ ನಕ್ಕಿತು. ಏಜೆಂಟನೂ ನಕ್ಕ, ಪಾಪ. ಆಚೆ ಬಾಗಿಲಲ್ಲಿ ನಿಂತಿದ್ದ ಪ್ಯೂನ್ ನಕ್ಕು ನಕ್ಕು ಚಹಾದ ಟ್ರೇ ಅಲುಗಾಡಿಸಿದ. ಅಥಣಿಯ ತೆಳ್ಳಗಿನ ಪುಸ್ತಕ ಒಕ್ಕೊರಲಿನಿಂದ ಪಾಸಾಯಿತು. ಅತ್ತೆ ಹೊರಗೆ ಬಂದಾಗ ನಡೆಯುತ್ತಿದ್ದ ಠೀವಿ ನೋಡಬೇಕಿತ್ತು. ಚುನಾವಣೆ ಗೆದ್ದವರೂ ಹಾಗೆ ನಡೆಯಲಾರರು!

ಆ ವರ್ಷವಿಡೀ ರೇಷ್ಮಾ ಶಾಲೆ ಬಿಟ್ಟ ಮೇಲೆ ಅತ್ತೆಯ ಮನೆಯ ಪಡಸಾಲೆಯಲ್ಲಿ ಕೂತು ಲೆಕ್ಕ ಬಿಡಿಸಿದಳು. ಅಳಿಸಿದಳು, ಮತ್ತೆ ಬಿಡಿಸಿದಳು. ಮಾಮಾ ಚಹಾ ಮಾಡಿ ಕೊಡುವ ಹುದ್ದೆಗೆ ಖಾಯಂ ಆಗಿ ನೇಮಕಗೊಂಡರು. ದೀಪಾವಳಿಯ ಹೊತ್ತಿಗೆ ಹುಡುಗಿ ಲೆಕ್ಕ ತಪ್ಪಾದರೆ ಅಳುವುದನ್ನು ಬಿಟ್ಟು, ಪುಸ್ತಕದ ಮೇಲೆಯೇ ಸಿಟ್ಟು ಮಾಡತೊಡಗಿದಳು. “ಈಗ ದಾರಿಗೆ ಬಂದಾಳ” ಎಂದಳು ಅತ್ತೆ.

ಫಲಿತಾಂಶದ ದಿನ ಸ್ಟಾಫ್‌ರೂಮಿನಲ್ಲಿ ಮೊಬೈಲಿನ ಸುತ್ತ ಎಲ್ಲರೂ ಮುಗಿಬಿದ್ದಿದ್ದೆವು. ತರಗತಿಗೆ ತರಗತಿಯೇ ಗಣಿತದಲ್ಲಿ ಪಾಸ್! ರೇಷ್ಮಾ ಬರೀ ಪಾಸಲ್ಲ, ಗಣಿತದಲ್ಲಿ ಶಾಲೆಗೇ ಮೊದಲಿಗಳು! ಚೇರಮನ್ನರು ಪೇಢೆ ತರಿಸಿದರು. ಟೇಲರ್ ಅಂಗಡಿ ಮುಚ್ಚಿ ಓಡಿ ಬಂದವನು ಕೊರಳಲ್ಲಿ ಅಳತೆಯ ಟೇಪು ಇರುವುದನ್ನೇ ಮರೆತು ಎಲ್ಲರ ಕೈ ಕುಲುಕುತ್ತಿದ್ದ. “ಕಾಲೇಜಿಗೆ ಹಾಕ್ತೀನ್ರಿ, ಸಾಯನ್ಸ್‌ಗೆ ಹಾಕ್ತೀನಿ!” ಎಂದು ಕೇಳದವರಿಗೂ ಹೇಳುತ್ತಿದ್ದ. ಅತ್ತೆ ನಡುವೆ ನಿಂತು ಒಬ್ಬೊಬ್ಬರಿಗೂ ಪುಸ್ತಕದ ಗುಣಗಾನ ಮಾಡುತ್ತಿದ್ದಳು. ಆ ದಿನ ಆಕೆಯ ಬಾಯಿ ಮುಚ್ಚಿಸುವವರು ಹುಟ್ಟಿರಲಿಲ್ಲ.

ಇದ್ದಕ್ಕಿದ್ದಂತೆ ಆಕೆಯೇ ಸುಮ್ಮನಾದಳು.

ಕಿಟಕಿಯಾಚೆ ಗೇಟಿನ ಹೊರಗೆ ಒಬ್ಬ ಹೆಂಗಸು ನಿಂತಿದ್ದಳು. ಸೆರಗು ತಲೆಯ ಮೇಲೆ, ಒಂದು ಕೈ ಗೇಟಿನ ಸರಳಿನ ಮೇಲೆ. ರೇಷ್ಮಾಳ ತಾಯಿ. ಒಳಗಿನ ಗದ್ದಲ ನೋಡುತ್ತ ನಗುತ್ತಿದ್ದಳು, ಒಳಗೆ ಮಾತ್ರ ಬಂದಿರಲಿಲ್ಲ. ಅತ್ತೆ ಕೈಯಲ್ಲಿದ್ದ ಪೇಢೆ ಕೆಳಗಿಟ್ಟು, ಬಿಸಿಲಿನಲ್ಲಿ ಮೈದಾನ ದಾಟಿ ಹೋಗಿ, ಆಕೆಯ ಕೈ ಹಿಡಿದು ಕರೆತಂದಳು. ಸ್ಟಾಫ್‌ರೂಮಿನ ಹೊಸ್ತಿಲಲ್ಲಿ ಆ ತಾಯಿ ಹಿಂಜರಿದಳು.

“ನಾ ಎಂದೂ ಸಾಲಿ ಒಳಗ ಬಂದಾಕಿ ಅಲ್ಲರಿ ಬಾಯಾರ. ಹೊರಗ ನಿಂದರತೀನಿ.”

ಅತ್ತೆ ತನ್ನ ಕುರ್ಚಿಯನ್ನು ಎಳೆದು ಆಕೆಯನ್ನು ಕೂಡಿಸಿದಳು. ತಾಯಿ ಅದರ ತುದಿಯಲ್ಲಿ, ಯಾವ ಗಳಿಗೆಯಲ್ಲಾದರೂ ಯಾರಾದರೂ ಏಳಿಸಿಯಾರು ಎಂಬಂತೆ ಕೂತಳು. ಅತ್ತೆ ಆಕೆಯ ಭುಜದ ಮೇಲೆ ಕೈ ಇಟ್ಟಳು.

“ಪೂರಾ ಕೂಡ್ರು ತಂಗಿ,” ಎಂದಳು. “ಹಿಂದಕ್ಕ ಆನಿಕೊಂಡ ಕೂಡ್ರು. ಯಾರೂ ಏಳಸಂಗಿಲ್ಲ.”